ಬ್ರಿಟನಿ ನಾಯಿ ಸಾಕುವ ಮುನ್ನ: ಆಯ್ಕೆಯಿಂದ ಮೊದಲ ವರ್ಷದವರೆಗೆ

ಮೊಣಕಾಲೆತ್ತರದ ಮೈ, ಹದಿನೈದು ಕಿಲೋ ಆಸುಪಾಸಿನ ತೂಕ, ಬಿಳಿಯ ಮೇಲೆ ಕಿತ್ತಳೆ ಮಚ್ಚೆ, ಕಂಡರೆ ಎತ್ತಿಕೊಳ್ಳಬೇಕೆನಿಸುವ ಮುಖ. ಫ್ರಾನ್ಸಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಕನ್ನಡಿಗರು ಪಾರ್ಕಿನಲ್ಲಿ ಈ ನಾಯಿಯನ್ನು ನೋಡಿ ಬಂದು ಕೇಳುವ ಪ್ರಶ್ನೆ ಒಂದೇ: ‘ಸಣ್ಣ ನಾಯಿಯಲ್ಲವೇ, ಫ್ಲ್ಯಾಟಿನಲ್ಲಿ ಸಾಕಬಹುದಲ್ಲ?’ ಸಾಕಬಹುದು. ಆದರೆ ಫ್ಲ್ಯಾಟು ಎಷ್ಟು ಚದರಡಿ ಎಂದು ನಾಯಿಯೇನೂ ಕೇಳುವುದಿಲ್ಲ. ದಿನಕ್ಕೆ ಎರಡು ಗಂಟೆ ಬಿಡುವಿದೆಯೇ ಎಂದು ಕೇಳುತ್ತದೆ, ಪ್ರತಿದಿನ, ಮಳೆ ಬಂದರೂ.

ಫ್ರೆಂಚರು ಇದನ್ನು ‘ಎಪಾನ್ಯೋಲ್ ಬ್ರೆತೋಂ’ ಎನ್ನುತ್ತಾರೆ, ಅಂದರೆ ಬ್ರಿಟನಿಯ ಸ್ಪೇನಿಯಲ್. ಬ್ರಿಟನಿ ಎಂಬುದು ಫ್ರಾನ್ಸಿನ ವಾಯವ್ಯದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಪ್ರಾಂತ್ಯ. ತಳಿಯ ಕ್ಲಬ್ ಹುಟ್ಟಿದ್ದು 1907ರಲ್ಲಿ, ಅಲ್ಲಿನ ಲೂದೇಯಾಕ್ ಎಂಬ ಊರಿನಲ್ಲಿ. ಗೊಂದಲ ಶುರುವಾಗುವುದು ಹೆಸರಿನಲ್ಲಿರುವ ‘ಸ್ಪೇನಿಯಲ್’ನಿಂದ. ಕಾಕರ್ ಸ್ಪೇನಿಯಲ್ ಪೊದೆಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುವ ನಾಯಿ. ಬ್ರಿಟನಿ ಹಕ್ಕಿ ಎಲ್ಲಿದೆ ಎಂದು ನಿಂತು ತೋರಿಸುವ ನಾಯಿ, ಅಂದರೆ ಪಾಯಿಂಟರ್ ಬಳಗದ್ದು. ಅಮೆರಿಕದ ಕೆನಲ್ ಕ್ಲಬ್ಬು ಇದೇ ಕಾರಣಕ್ಕೆ 1982ರಲ್ಲಿ ‘ಸ್ಪೇನಿಯಲ್’ ಎಂಬುದನ್ನು ಕೈಬಿಟ್ಟು ಬರೀ ‘ಬ್ರಿಟನಿ’ ಎಂದು ಉಳಿಸಿಕೊಂಡಿತು.

ತೋರಿಸುವುದು ಎಂದರೇನು ಎಂದು ಗೊತ್ತಿಲ್ಲದೆ ಈ ನಾಯಿ ಅರ್ಥವಾಗುವುದಿಲ್ಲ. ಕೊಯ್ಲಾದ ಹೊಲದಲ್ಲಿ ಮೂಗೆತ್ತಿಕೊಂಡು ಅತ್ತಿಂದಿತ್ತ ಓಡುತ್ತಿರುವ ನಾಯಿಗೆ ಕೌಜುಗದ ವಾಸನೆ ತಗಲಿತು ಎಂದಿಟ್ಟುಕೊಳ್ಳಿ. ಓಟ ಇದ್ದಲ್ಲೇ ಕಲ್ಲಾಗುತ್ತದೆ. ಒಂದು ಮುಂಗಾಲು ಮಡಚಿದಂತೆಯೇ ಗಾಳಿಯಲ್ಲಿ ಉಳಿಯುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ಮೂಗಿನ ನೇರಕ್ಕೆ ಹತ್ತಾರು ಮೀಟರ್ ಆಚೆ ಹುಲ್ಲಿನಲ್ಲಿ ಹಕ್ಕಿ ಅವಿತಿರುತ್ತದೆ. ಬೇಟೆಗಾರ ಹತ್ತಿರ ಬರುವ ತನಕ ನಾಯಿ ಹಾಗೇ ನಿಂತಿರಬೇಕು. ಕಾಡಿನಲ್ಲಿ ವುಡ್‌ಕಾಕ್ ಹುಡುಕುವಾಗ ನಾಯಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಕೊರಳಿಗೆ ಗಂಟೆ ಕಟ್ಟುತ್ತಾರೆ. ಗಂಟೆ ಕೇಳುತ್ತಿದ್ದರೆ ನಾಯಿ ಓಡುತ್ತಿದೆ. ಗಂಟೆ ನಿಂತಿತೆಂದರೆ ಹಕ್ಕಿ ಸಿಕ್ಕಿದೆ. (ಉದ್ದ ಕೊಕ್ಕಿನ ಈ ವುಡ್‌ಕಾಕ್ ಚಳಿಗಾಲಕ್ಕೆ ನಮ್ಮ ಪಶ್ಚಿಮಘಟ್ಟಕ್ಕೂ ವಲಸೆ ಬರುತ್ತದೆ.) ನಮ್ಮ ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ, ಇದು ಮೂಗಿನಿಂದ. ಮುಂದೆ ಹೇಳುವ ಬಹುಪಾಲು ಮಾತು ಈ ಮೂಗಿಗೇ ಬಂದು ನಿಲ್ಲುತ್ತದೆ.

ಹಂತ 1: ಸ್ವಭಾವ ನಿಮ್ಮ ಮನೆಗೆ ಹೊಂದುತ್ತದೆಯೇ ನೋಡಿ

ಬ್ರಿಟನಿ ಮನುಷ್ಯರಿಗೆ ಅಂಟಿಕೊಳ್ಳುವ ನಾಯಿ. ಮಕ್ಕಳ ಜೊತೆ, ಬೇರೆ ನಾಯಿಗಳ ಜೊತೆ ಸಾಮಾನ್ಯವಾಗಿ ಜಗಳವಿಲ್ಲ. ಮನೆ ಕಾಯಲು ಬೇಕೆಂದರೆ ಇದನ್ನು ಮರೆತುಬಿಡಿ. ಬಂದವರ ಮುಂದೆ ಸೊಂಟ ಕುಣಿಸುತ್ತ ನಿಲ್ಲುತ್ತದೆ. ಕೋಳಿ, ಪಾರಿವಾಳ, ಪಂಜರದ ಗಿಳಿ ಇರುವ ಮನೆಯಾದರೆ ಎರಡು ಸಲ ಯೋಚಿಸಿ. ಬೆಕ್ಕಿನ ಜೊತೆ ಮರಿಯಿಂದಲೇ ಬೆಳೆದರೆ ತೊಂದರೆ ಕಡಿಮೆ, ಆದರೆ ಅದು ನಿಮ್ಮ ಮನೆಯ ಬೆಕ್ಕಿಗೆ ಮಾತ್ರ ಸಿಗುವ ಮರ್ಯಾದೆ.

ಇದರ ಮನಸ್ಸು ಮೆತ್ತಗಿನದು. ಗದರಿದರೆ ಮುದುಡಿಕೊಳ್ಳುತ್ತದೆ, ಹೊಡೆದರೆ ನಂಬಿಕೆಯೇ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಬರುವ ಮನೆಯಾದರೆ, ನಡುವೆ ಒಬ್ಬರು ಬಂದು ನಾಯಿಯನ್ನು ಹೊರಗೆ ಕರೆದೊಯ್ಯುವ ಏರ್ಪಾಡಿಲ್ಲದೆ ತರಬೇಡಿ. ಬೆಳೆದ ನಾಯಿಗೂ ಒಂಟಿಯಾಗಿ ನಾಲ್ಕು ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ಬಾಗಿಲು ಕೆರೆಯುವುದು, ಊಳಿಡುವುದು, ಸೋಫಾ ಹರಿಯುವುದು ಶುರುವಾಗುತ್ತದೆ. ಅದನ್ನು ತುಂಟತನ ಎನ್ನುವುದು ತಪ್ಪು, ಅದು ದಿಗಿಲು. ಆಯುಸ್ಸು 12ರಿಂದ 14 ವರ್ಷ. ವೀಸಾ, ವರ್ಗಾವಣೆ ಎಲ್ಲವನ್ನೂ ಅಷ್ಟು ದೂರದವರೆಗೆ ಲೆಕ್ಕ ಹಾಕಿ.

ಹಂತ 2: ರೂಪ ಗುರುತಿಸುವುದನ್ನು ಕಲಿಯಿರಿ

ಮೂಲ ಫ್ರೆಂಚ್ ಮಾನದಂಡದಲ್ಲಿ ಭುಜದ ಬಳಿ ಗಂಡಿನ ಎತ್ತರ 48ರಿಂದ 51 ಸೆಂ.ಮೀ., ಹೆಣ್ಣಿನದು 47ರಿಂದ 50. ಪಕ್ಕದಿಂದ ನೋಡಿದರೆ ಮೈ ಚೌಕಾಕಾರ. ಎತ್ತರ ಎಷ್ಟೋ ಉದ್ದವೂ ಅಷ್ಟೇ. ಮೂತಿ ಮತ್ತು ತಲೆಬುರುಡೆಯ ಉದ್ದ 2:3ರ ಪ್ರಮಾಣದಲ್ಲಿರಬೇಕು. ಕಿವಿ ತ್ರಿಕೋನ, ಮೇಲಿನಿಂದ ಹೊರಟದ್ದು, ತುಸು ಗಿಡ್ಡ. ಕಾಕರ್‌ನಂತೆ ಗಲ್ಲದ ಕೆಳಗೆ ಜೋತುಬಿದ್ದಿದ್ದರೆ ತಪ್ಪು. ಕೂದಲು ನಯ, ಚಪ್ಪಟೆ ಅಥವಾ ಸ್ವಲ್ಪ ಅಲೆಯಲೆ. ಗುಂಗುರು ಇರಕೂಡದು. ಕಾಲುಗಳ ಹಿಂಬದಿಯಲ್ಲಿ ಮಾತ್ರ ಕುಚ್ಚು.

ಬಣ್ಣದ ವಿಷಯದಲ್ಲಿ ದೇಶ ನೋಡಿ ಮಾತಾಡಬೇಕು. ಬಿಳಿ–ಕಿತ್ತಳೆ, ಬಿಳಿ–ಕಂದು, ಬಿಳಿ–ಕಪ್ಪು, ಮೂರು ಬಣ್ಣದ್ದು, ಬಿಳಿಯೊಳಗೆ ಬಣ್ಣದ ಕೂದಲು ಬೆರೆತ ‘ರೋನ್’ – ಫ್ರಾನ್ಸಿನಲ್ಲಿ ಎಲ್ಲವೂ ಸರಿ. ಅಮೆರಿಕದ ಕೆನಲ್ ಕ್ಲಬ್ಬಿನ ಪ್ರದರ್ಶನದಲ್ಲಿ ಕಪ್ಪು ಬಣ್ಣಕ್ಕೆ ಪ್ರವೇಶವಿಲ್ಲ. ಅಲ್ಲಿನ ನಾಯಿಗಳು ಕಾಲುದ್ದ, ತುಸು ಎತ್ತರವೂ ಹೌದು, 20.5 ಇಂಚಿನವರೆಗೆ ಒಪ್ಪುತ್ತಾರೆ. ಒಂದು ದೇಶದ ಪುಟ ಓದಿ ಇನ್ನೊಂದು ದೇಶದ ಮರಿಯನ್ನು ‘ತಳಿ ಸರಿಯಿಲ್ಲ’ ಎಂದು ತಿರಸ್ಕರಿಸುವವರು ಬಹಳ.

ಇನ್ನು ಬಾಲ. ಕೆಲವು ಮರಿಗಳು ಬಾಲವಿಲ್ಲದೆ ಅಥವಾ ಮೋಟುಬಾಲದಲ್ಲೇ ಹುಟ್ಟುತ್ತವೆ, ಕೆಲವಕ್ಕೆ ಪೂರ್ತಿ ಉದ್ದದ ಬಾಲವಿರುತ್ತದೆ. ಉದ್ದ ಬಾಲವನ್ನು ಮರಿಯಿರುವಾಗಲೇ ಕತ್ತರಿಸುವ ರೂಢಿ ಫ್ರಾನ್ಸಿನಲ್ಲಿ ಈಗಲೂ ಇದೆ. ಸ್ವೀಡನ್, ನಾರ್ವೆಯಂಥ ದೇಶಗಳಲ್ಲಿ ನಿಷಿದ್ಧ. ‘ಹುಟ್ಟು ಮೋಟುಬಾಲ, ಅಪರೂಪ’ ಎಂದು ಹೆಚ್ಚಿನ ದುಡ್ಡು ಕೇಳಿದರೆ ಕೊಡಬೇಡಿ. ಅದು ಒಂದೇ ಒಂದು ಜೀನಿನ ಕೆಲಸ. ತಾಯಿಯಿಂದಲೂ ತಂದೆಯಿಂದಲೂ ಆ ಜೀನು ಬಂದ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಹಾಗಾಗಿ ಮೋಟುಬಾಲದ ಎರಡು ನಾಯಿಗಳನ್ನು ಕೂಡಿಸಿದರೆ ಮರಿಗಳ ಸಂಖ್ಯೆಯೇ ಇಳಿಯುತ್ತದೆ. ತಿಳಿದ ಬ್ರೀಡರ್ ಹಾಗೆ ಕೂಡಿಸುವುದಿಲ್ಲ.

ಹಂತ 3: ಬ್ರೀಡರ್ ಹತ್ತಿರ ಏನು ಕೇಳಬೇಕು

ಮರಿಗಿಂತ ಮೊದಲು ತಾಯಿಯನ್ನು ನೋಡಿ. ಅಪರಿಚಿತರನ್ನು ಕಂಡು ಮೂಲೆ ಸೇರುವ ತಾಯಿಯ ಮರಿ ಎಷ್ಟೇ ಚೆಂದವಿದ್ದರೂ ಬೇಡ. ಅಂಜುಬುರುಕುತನ ಈ ತಳಿಯಲ್ಲಿ ಬಹಳ ಬೇಗ ಬೇರೂರುತ್ತದೆ. ಆಮೇಲೆ ಈ ಪ್ರಶ್ನೆಗಳು:

1. ತಂದೆ ತಾಯಿಯ ಸೊಂಟದ ಎಕ್ಸ್‌ರೇ ವರದಿ ಎಲ್ಲಿ? ಸೊಂಟದ ಗುಂಡಿ ಮತ್ತು ತೊಡೆಮೂಳೆಯ ತಲೆ ಸರಿಯಾಗಿ ಕೂರದಿರುವುದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಯುರೋಪಿನಲ್ಲಿ A ಇಂದ E ವರೆಗೆ ದರ್ಜೆ. A ಉತ್ತಮ, E ಕೆಟ್ಟದ್ದು. ಅಮೆರಿಕದಲ್ಲಿ ಅಂತಿಮ ಪ್ರಮಾಣಪತ್ರ ಸಿಗುವುದು ನಾಯಿಗೆ ಎರಡು ವರ್ಷ ತುಂಬಿದ ಮೇಲೆಯೇ.
2. ಹತ್ತಿರದ ಸಂಬಂಧದಲ್ಲಿ ಯಾವ ನಾಯಿಗಾದರೂ ಫಿಟ್ಸ್ ಬಂದಿದೆಯೇ? ಮೂರ್ಛೆರೋಗಕ್ಕೆ ಈ ತಳಿಯಲ್ಲಿ ಭರವಸೆಯ ಜೀನ್ ಪರೀಕ್ಷೆಯಿಲ್ಲ, ಬಾಯಿಮಾತಿನ ಉತ್ತರವೇ ಗತಿ. ‘ನಮ್ಮಲ್ಲಿ ಏನೂ ಇಲ್ಲ’ ಎಂದು ತಟ್ಟನೆ ಹೇಳುವವರಿಗಿಂತ ‘ಒಂದು ಸಲ ಹೀಗಾಗಿತ್ತು’ ಎಂದು ವಿವರ ಕೊಡುವವರನ್ನು ನಂಬಿ.
3. ಮರಿಗಳು ಬೆಳೆಯುತ್ತಿರುವುದು ಎಲ್ಲಿ? ಮಿಕ್ಸಿ, ಕುಕ್ಕರ್ ಸೀಟಿ, ಮಕ್ಕಳ ಗಲಾಟೆ ಕೇಳಿ ಬೆಳೆದ ಮರಿ ಮೇಲು.

ಬೇಟೆಯ ಪಂದ್ಯದಲ್ಲಿ ಗೆದ್ದ ವಂಶದ ಮರಿ ಎಂದರೆ ಅದರ ಓಟದ ದಾಹವೂ ಅಷ್ಟೇ. ಮೊದಲ ಸಲ ನಾಯಿ ಸಾಕುವವರಿಗೆ ಅದು ಭಾರ. ನಿಮ್ಮ ದಿನಚರಿಯನ್ನು ಬ್ರೀಡರ್‌ಗೆ ಮುಚ್ಚುಮರೆಯಿಲ್ಲದೆ ಹೇಳಿ, ಮರಿಗಳಲ್ಲಿ ಶಾಂತವಾದದ್ದು ಯಾವುದೆಂದು ಅವರೇ ತೋರಿಸಲಿ.

ಹಂತ 4: ಕಾಗದಪತ್ರ (ಫ್ರಾನ್ಸಿನಲ್ಲಿರುವವರಿಗೆ)

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮೊದಲೇ ಮೈಯಲ್ಲಿ ಗುರುತಿನ ಚಿಪ್ (ಇಲ್ಲವೇ ಗುರುತಿನ ಹಚ್ಚೆ) ಇರಬೇಕು. 2022ರ ಅಕ್ಟೋಬರ್‌ನಿಂದ ಕೊಳ್ಳುವವರೂ ಒಂದು ಬದ್ಧತಾ ಪತ್ರಕ್ಕೆ ಸಹಿ ಹಾಕಬೇಕು. ನಾಯಿಯ ಅಗತ್ಯ, ಖರ್ಚು ಎಲ್ಲ ತಿಳಿದಿದೆ ಎಂಬ ಆ ಪತ್ರಕ್ಕೆ ಸಹಿ ಮಾಡಿ ಏಳು ದಿನ ಕಳೆಯದೆ ಮರಿ ಕೈಗೆ ಬರುವುದಿಲ್ಲ. ಇವತ್ತೇ ದುಡ್ಡು, ಇವತ್ತೇ ಮರಿ ಎನ್ನುವವರಿಂದ ದೂರವಿರಿ. ಪೆಟ್ ಶಾಪ್‌ನಲ್ಲಿ ನಾಯಿಮರಿ ಮಾರುವುದು 2024ರ ಜನವರಿಯಿಂದ ಅಲ್ಲಿ ನಿಂತೇ ಹೋಗಿದೆ.

ವಂಶಾವಳಿ ಪುಸ್ತಕಕ್ಕೆ ಎಲ್.ಓ.ಎಫ್. ಎನ್ನುತ್ತಾರೆ. ಮರಿಯೊಂದಿಗೆ ಸಿಗುವುದು ಜನನ ಪತ್ರ ಮಾತ್ರ. ಬೆಳೆದ ಮೇಲೆ ತೀರ್ಪುಗಾರರ ಮುಂದೆ ನಿಲ್ಲಿಸಿ ‘ದೃಢೀಕರಣ’ ಮಾಡಿಸಿದರೆ ಪೂರ್ತಿ ವಂಶಾವಳಿ. ಅಲ್ಲಿನ ಒಂದು ರೂಢಿ ನಿಮಗೆ ಪ್ರಯೋಜನಕ್ಕೆ ಬರುತ್ತದೆ: ವರ್ಷಕ್ಕೊಂದು ಅಕ್ಷರ, ಆ ವರ್ಷ ಹುಟ್ಟಿದ ನಾಯಿಗಳ ಹೆಸರೆಲ್ಲ ಆ ಅಕ್ಷರದಿಂದ. 2023 U, 2024 V, 2025 ಮತ್ತೆ A. ಹೆಸರು V ಇಂದ ಶುರುವಾಗಿ, ಮಾರುವವರು ‘2023ರ ನಾಯಿ’ ಎಂದರೆ ಚಿಪ್ ದಾಖಲೆ ತೆರೆಸಿ ನೋಡಿ.

ಹಂತ 5: ಮನೆಗೆ ತಂದ ಮೊದಲ ಎರಡು ತಿಂಗಳು

ಎಂಟನೇ ವಾರದಿಂದ ಹದಿನಾರನೇ ವಾರದವರೆಗೆ ಲಸಿಕೆ ಸರಣಿ ನಡೆಯುತ್ತದೆ, ಸುಮಾರು ನಾಲ್ಕು ವಾರಕ್ಕೊಂದು. ಲಸಿಕೆ ಮುಗಿಯುವ ತನಕ ಮರಿಯನ್ನು ಮನೆಯಲ್ಲೇ ಕೂಡಿಹಾಕುವುದು ದೊಡ್ಡ ತಪ್ಪು. ನೆಲಕ್ಕೆ ಬಿಡದೆ ಎತ್ತಿಕೊಂಡೋ ಚೀಲದಲ್ಲಿ ಕೂರಿಸಿಕೊಂಡೋ ಸಂತೆ, ಬಸ್ ನಿಲ್ದಾಣ, ಶಾಲೆಯ ಗೇಟು ತೋರಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಈ ವಯಸ್ಸಿನಲ್ಲಿ ಕಾಣದ್ದು, ಕೇಳದ್ದು ಮುಂದೆ ಭಯವಾಗುತ್ತದೆ.

ಒಂಟಿತನವನ್ನೂ ಈಗಲೇ ಕಲಿಸಬೇಕು. ಮೊದಲು ಬಾಗಿಲಾಚೆ ಮೂವತ್ತು ಸೆಕೆಂಡು, ಆಮೇಲೆ ಎರಡು ನಿಮಿಷ, ಐದು, ಹದಿನೈದು. ಹೋಗುವಾಗ ಮುದ್ದಾಟವೂ ಬೇಡ, ಬಂದಾಗ ಸಂಭ್ರಮವೂ ಬೇಡ.

ಹಂತ 6: ಕರೆದರೆ ಬರುವುದನ್ನು ಕಲಿಸುವುದು

ಇದೊಂದು ಕೈಕೊಟ್ಟರೆ ಉಳಿದದ್ದೆಲ್ಲ ವ್ಯರ್ಥ. ವಾಸನೆ ಹಿಡಿದ ಬ್ರಿಟನಿ ಅರ್ಧ ನಿಮಿಷದಲ್ಲಿ ಇನ್ನೂರು ಮೀಟರ್ ಆಚೆ ಇರುತ್ತದೆ, ಅಲ್ಲಿಗೆ ನಿಮ್ಮ ಕೂಗು ತಲುಪಿದರೂ ತಲೆಗೆ ಹೋಗುವುದಿಲ್ಲ. ಬೇಕಾದ ಸಾಮಾನು: ನಾಯಿಗೆಂದೇ ಸಿಗುವ ಒಂದು ಸೀಟಿ, ಎದೆಪಟ್ಟಿಯ ಹಾರ್ನೆಸ್, ಹತ್ತು ಮೀಟರಿನ ಹಗ್ಗ, ಕಡಲೆಬೀಜದ ಗಾತ್ರಕ್ಕೆ ಕತ್ತರಿಸಿದ ಬೇಯಿಸಿದ ಕೋಳಿ. ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬೇಡಿ. ಓಡಿ ಜಗ್ಗಿದರೆ ಕತ್ತಿಗೆ ಪೆಟ್ಟು.

1. ಮೊದಲ ಹತ್ತು ದಿನ ಊಟದ ತಟ್ಟೆ ಇಡುವಾಗಲೆಲ್ಲ ಎರಡು ಗಿಡ್ಡ ಸೀಟಿ. ಬೇರೆ ಯಾವ ಹೊತ್ತಿನಲ್ಲೂ ಬೇಡ.
2. ಮನೆಯೊಳಗೆ ಇನ್ನೊಂದು ಕೋಣೆಯಿಂದ ಸೀಟಿ ಹಾಕಿ. ಬಂದ ಕೂಡಲೇ ಕೋಳಿ ತುಂಡು.
3. ಹೊರಗೆ, ಹಗ್ಗ ಕಟ್ಟಿ, ಜನ ನಾಯಿ ಇಲ್ಲದ ಜಾಗದಲ್ಲಿ. ಒಂದು ನಡಿಗೆಗೆ ಐದಾರು ಸಲ ಮಾತ್ರ. ಬಂದಾಗ ತಿನಿಸು ಕೊಟ್ಟು ಮತ್ತೆ ಆಡಲು ಬಿಡಿ. ಕರೆದಾಗಲೆಲ್ಲ ಲೀಶ್ ಹಾಕಿ ಮನೆಗೆ ಎಳೆದೊಯ್ದರೆ, ಸೀಟಿ ಅಂದರೆ ಆಟ ಮುಗಿಯಿತು ಎಂದು ಕಲಿಯುತ್ತದೆ.
4. ಇಪ್ಪತ್ತು ಸಲಕ್ಕೆ ಹತ್ತೊಂಬತ್ತು ಸಲ ತಿರುಗಿ ಬರುವ ತನಕ ಹಗ್ಗ ಬಿಚ್ಚಬೇಡಿ. ಇದಕ್ಕೆ ಮೂರು ತಿಂಗಳೂ ಆಗಬಹುದು, ಎಂಟೂ ಆಗಬಹುದು.

ಬರುವುದಿಲ್ಲ ಎಂದು ಗೊತ್ತಿದ್ದಾಗ ಸೀಟಿ ಊದಬೇಡಿ. ಸುಮ್ಮನೆ ಹಗ್ಗ ಹಿಡಿದು ನಡೆದು ಅದರ ಬಳಿ ಹೋಗಿ. ತಡವಾಗಿ ಬಂದದ್ದಕ್ಕೆ ಬೈದರೆ, ನಾಯಿಯ ಲೆಕ್ಕದಲ್ಲಿ ಬಂದದ್ದಕ್ಕೇ ಬೈಗುಳ. ಏಳನೇ ತಿಂಗಳಿಂದ ಹದಿನಾಲ್ಕರವರೆಗೆ, ಹರೆಯದಲ್ಲಿ, ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಆಗ ಹಗ್ಗಕ್ಕೆ ವಾಪಸಾಗುವುದರಲ್ಲಿ ಅವಮಾನವೇನಿಲ್ಲ. ಕರೆಂಟು ಹೊಡೆಯುವ ಕಾಲರ್ ಬಗ್ಗೆ ಕೇಳುವವರಿದ್ದಾರೆ. ಈ ಮೆತ್ತಗಿನ ನಾಯಿಗೆ ಅದು ಬೇಡ. ಹಕ್ಕಿಯ ವಾಸನೆ ಬಂದ ಕ್ಷಣದಲ್ಲೇ ಶಾಕ್ ತಗುಲಿದರೆ ಹಕ್ಕಿಗೇ ಹೆದರುವ ನಾಯಿ ತಯಾರಾಗುತ್ತದೆ.

ಕೋಲಿಗೆ ದಾರ ಕಟ್ಟಿ, ತುದಿಗೆ ಹಕ್ಕಿಯ ರೆಕ್ಕೆ ಸಿಕ್ಕಿಸಿ ಮರಿ ನಿಂತು ತೋರಿಸುವುದನ್ನು ನೋಡುವ ಆಟ ಎಲ್ಲರಿಗೂ ಇಷ್ಟ. ಒಂದೆರಡು ಸಲ ಆಡಿಸಿ ಮುಗಿಸಿ. ಅತಿಯಾದರೆ ಮೂಗು ಬಿಟ್ಟು ಕಣ್ಣಿನಿಂದ ಹುಡುಕುವ ಚಟ ಬೀಳುತ್ತದೆ. ಗುಂಡಿನ ಸದ್ದು, ಪಟಾಕಿ ಸದ್ದೂ ಹಾಗೇ: ದೂರದ ಸಣ್ಣ ಸದ್ದಿನಿಂದ, ನಾಯಿ ಖುಷಿಯಲ್ಲಿರುವಾಗ ಶುರುಮಾಡಿ ವಾರಗಟ್ಟಲೆ ಹತ್ತಿರ ತರಬೇಕು. ಅಭ್ಯಾಸವಿಲ್ಲದ ಮರಿಯನ್ನು ಸದ್ದಿನ ಜಾಗಕ್ಕೆ ನೇರ ಕರೆದೊಯ್ದರೆ ಒಂದೇ ದಿನದಲ್ಲಿ ಆದ ಭಯ ಜನ್ಮವಿಡೀ ಉಳಿಯಬಹುದು.

ಹಂತ 7: ದಿನದ ಓಟ

ಬೆಳೆದ ನಾಯಿಗೆ ಒಂದೂವರೆಯಿಂದ ಎರಡು ಗಂಟೆ, ಅದರಲ್ಲಿ ಅರ್ಧ ಗಂಟೆಯಾದರೂ ಹಗ್ಗವಿಲ್ಲದೆ ಅಥವಾ ಉದ್ದ ಹಗ್ಗದಲ್ಲಿ. ಮೈದಾನದಲ್ಲಿ ಗಾಳಿಗೆ ಎದುರಾಗಿ ನಡೆಯಿರಿ. ವಾಸನೆ ಎದುರಿನಿಂದ ಬರುವುದರಿಂದ ನಾಯಿ ನಿಮ್ಮ ಮುಂದೆ ಎಡಕ್ಕೂ ಬಲಕ್ಕೂ ಅಡ್ಡಾಡುತ್ತ ಹತ್ತಿರವೇ ಇರುತ್ತದೆ. ಗಾಳಿ ಬೆನ್ನ ಹಿಂದಿನಿಂದ ಬೀಸಿದರೆ ಬಲುದೂರ ಓಡಿಹೋಗಿ ಅಲ್ಲಿಂದ ನಿಮ್ಮ ಕಡೆಗೆ ಹುಡುಕುತ್ತ ಬರುತ್ತದೆ. ಅನೇಕರು ಅದನ್ನು ‘ಓಡಿಹೋಯಿತು’ ಎಂದು ತಿಳಿದು ಗಾಬರಿ ಬೀಳುತ್ತಾರೆ.

ಒಂದು ವರ್ಷವಾಗುವ ತನಕ ಸೈಕಲ್ ಜೊತೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಮೂಳೆಯ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಫ್ರಾನ್ಸಿನ ಕಾಡುಗಳಲ್ಲಿ ಏಪ್ರಿಲ್ 15ರಿಂದ ಜೂನ್ 30ರವರೆಗೆ ಕಾಡುದಾರಿ ಬಿಟ್ಟು ನಾಯಿಯನ್ನು ಬಿಚ್ಚಿ ಬಿಡುವಂತಿಲ್ಲ. ಅದು ಕಾಡುಪ್ರಾಣಿಗಳ ಮರಿಯ ಕಾಲ, ದಂಡ ಬೀಳುತ್ತದೆ.

ಬೇಟೆಗೆ ಹೋಗದವರ ನಾಯಿಗೂ ಮೂಗಿಗೆ ಕೆಲಸ ಬೇಕು. ರಾತ್ರಿಯ ಊಟದ ಅರ್ಧಭಾಗವನ್ನು ಹುಲ್ಲಿನಲ್ಲಿ ಎರಚಿ ಹುಡುಕಿಸಿ, ಇಲ್ಲವೇ ಒಂದು ಬಟ್ಟೆಗಂಟನ್ನು ಮನೆಯಲ್ಲಿ ಬಚ್ಚಿಟ್ಟು ತರಿಸಿ. ಹದಿನೈದು ನಿಮಿಷದ ಹುಡುಕಾಟದ ಮೇಲೆ ತಾನಾಗಿ ಮಲಗುತ್ತದೆ.

ಹಂತ 8: ಊಟ

ಹದಿನೈದು ಕಿಲೋ ತೂಗುವ, ದಿನವೂ ಓಡಾಡುವ ನಾಯಿಗೆ ಸುಮಾರು 850 ಕಿಲೋಕ್ಯಾಲರಿ. 100 ಗ್ರಾಂಗೆ 380 ಕಿಲೋಕ್ಯಾಲರಿ ಇರುವ ಡಾಗ್‌ಫುಡ್ ಆದರೆ 225 ಗ್ರಾಂ, ಎರಡು ಹೊತ್ತಿಗೆ ಸೇರಿ. ದಿನವಿಡೀ ಬೇಟೆಗೆ ಓಡುವ ದಿನಗಳಲ್ಲಿ ಒಂದೂವರೆ ಪಟ್ಟಿಗೂ ಮೇಲೆ ಹೋಗುತ್ತದೆ. ತರಬೇತಿಗೆ ಕೊಡುವ ಕೋಳಿಯನ್ನು ಇದರಲ್ಲೇ ಕಳೆಯಿರಿ. ಮರಿಗೆ ಆರು ತಿಂಗಳವರೆಗೆ ಮೂರು ಹೊತ್ತು. ಅಳತೆಗಿಂತ ಕೈ ನಂಬಿ: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಉಂಡ ಮೇಲೆ ಎರಡು ಗಂಟೆ ಓಟ ಬೇಡ.

ನಮ್ಮ ಅಡುಗೆಮನೆಯ ಅಪಾಯ ಬೇರೆ. ಸಾಂಬಾರಿನ ಈರುಳ್ಳಿ, ಒಗ್ಗರಣೆಯ ಬೆಳ್ಳುಳ್ಳಿ ರಕ್ತಕಣ ಒಡೆಯುತ್ತವೆ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಕಿಡ್ನಿಗೆ ವಿಷ. ‘ಒಂದು ತುತ್ತು ಅನ್ನ ಸಾರು’ ಎಂದು ಅಜ್ಜಿ ಪ್ರೀತಿಯಿಂದ ಹಾಕುವುದನ್ನು ಮೊದಲ ದಿನವೇ ಮಾತಾಡಿ ನಿಲ್ಲಿಸಿ, ಬೇಕಿದ್ದರೆ ಬರೀ ಅನ್ನ ಮೊಸರು ಕಲಸಿ ಕೊಡಲಿ. ಬ್ರಿಟನಿಯ ಹಳ್ಳಿಗಳಲ್ಲಿ ಇನ್ನೊಂದು ಎಚ್ಚರ: ಕಾಡುಹಂದಿಯ ಹಸಿಮಾಂಸ ಕೊಡಲೇಬೇಡಿ. ಅದರಿಂದ ಬರುವ ಔಯೆಸ್ಕಿ ರೋಗಕ್ಕೆ ನಾಯಿಯಲ್ಲಿ ಮದ್ದಿಲ್ಲ.

ಹಂತ 9: ಹೊರಗೆ ಹೋಗಿ ಬಂದ ಮೇಲೆ ಐದು ನಿಮಿಷ

ಕೂದಲಿಗೆ ವಾರಕ್ಕೆರಡು ಸಲ ಬಾಚಣಿಗೆ ಸಾಕು, ಸ್ನಾನ ಕೊಳೆಯಾದಾಗ ಮಾತ್ರ. ದಿನಾ ಮಾಡಬೇಕಾದ್ದು ತಪಾಸಣೆ. ಮೇನಿಂದ ಆಗಸ್ಟ್‌ವರೆಗೆ ಒಣಗಿದ ಹುಲ್ಲಿನ ಊಬು ಈ ನಾಯಿಯ ದೊಡ್ಡ ಶತ್ರು. ಊಬಿನ ಮುಳ್ಳು ಒಂದೇ ದಿಕ್ಕಿಗೆ ಇರುವುದರಿಂದ ಚರ್ಮದೊಳಗೆ ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಬೆರಳ ಸಂದು, ಕಿವಿಯೊಳಗೆ, ಕಂಕುಳು, ಕಣ್ಣಿನ ಮೂಲೆ – ಈ ಕ್ರಮದಲ್ಲಿ ಬೆರಳಾಡಿಸಿ ನೋಡಿ. ಇದ್ದಕ್ಕಿದ್ದಂತೆ ತಲೆ ಒದರತೊಡಗಿದರೆ ಕಿವಿಯಲ್ಲಿ, ಬಿಡದೆ ಸೀನಿದರೆ ಮೂಗಿನಲ್ಲಿ, ಒಂದೇ ಬೆರಳನ್ನು ನೆಕ್ಕುತ್ತಿದ್ದರೆ ಅಲ್ಲಿ ಹೊಕ್ಕಿದೆ ಎಂದು ತಿಳಿದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕಿವಿಗೆ ಇಯರ್‌ಬಡ್ ಹಾಕಿದರೆ ಊಬು ಇನ್ನೂ ಒಳಕ್ಕೆ.

ಉಣ್ಣಿಯನ್ನು ಕೊಕ್ಕೆಯಂಥ ಸಾಧನದಿಂದ ತಿರುಗಿಸಿ ಕೀಳಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಉಣ್ಣಿಯಿಂದ ಬರುವ ಬೇಬಿಸಿಯಾ ಜ್ವರದಲ್ಲಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದು ಕಂಡರೆ ಬೆಳಗಾಗುವ ತನಕ ಕಾಯಬೇಡಿ. ಪೈನ್ ಮರವಿರುವ ಕಡೆ ಜನವರಿಯಿಂದ ಏಪ್ರಿಲ್‌ವರೆಗೆ ಸಾಲುಗಟ್ಟಿ ನಡೆಯುವ ಕಂಬಳಿಹುಳು ಕಂಡರೆ ನಾಯಿಯನ್ನು ಲೀಶ್‌ಗೆ ಹಾಕಿ. ನಾಲಿಗೆಗೆ ತಾಗಿದರೆ ನಾಲಿಗೆಯ ತುಂಡೇ ಕೊಳೆತು ಬೀಳಬಹುದು. ಉಜ್ಜದೆ ನೀರು ಸುರಿದು ತೊಳೆದು ನೇರ ಆಸ್ಪತ್ರೆಗೆ.

ಹಂತ 10: ಊರಿಗೆ ಕರೆತರುವ ಯೋಚನೆಯಿದ್ದರೆ

ಸ್ವದೇಶಕ್ಕೆ ಮರಳುವಾಗ ಸಾಕುನಾಯಿಯನ್ನು ತರಬಹುದು. ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಮೊದಲೇ ಕೈಯಲ್ಲಿರಬೇಕು. ಬೇಟೆ ಇಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಹಾಗಾಗಿ ಮೂಗಿನ ಕೆಲಸವೆಲ್ಲ ಆಟದಲ್ಲೇ ಮುಗಿಯಬೇಕು.

ಬಿಸಿಲೇ ದೊಡ್ಡ ತಾಪತ್ರಯ. ಬೆಂಗಳೂರಿನಲ್ಲೂ ಮಾರ್ಚ್‌ನಿಂದ ಮೇವರೆಗೆ ಓಟವೆಲ್ಲ ಬೆಳಗಿನ ಏಳರೊಳಗೆ ಮುಗಿಯಲಿ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಈ ನಾಯಿ ಬೇಡವೇ ಬೇಡ. ಓಡುವ ಹುಮ್ಮಸ್ಸಿನಲ್ಲಿ ತಾನಾಗಿ ನಿಲ್ಲುವ ಬುದ್ಧಿ ಇದಕ್ಕಿಲ್ಲ. ಏದುಸಿರು ನಿಲ್ಲದೆ, ಒಸಡು ಕಡುಕೆಂಪಾಗಿ, ಹೆಜ್ಜೆ ತೂರಾಡಿದರೆ ನೆರಳಿಗೆ ಎಳೆದು ಮೈಪೂರ್ತಿ ನಲ್ಲಿನೀರು ಸುರಿದು ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿದರೆ ಶಾಖ ಒಳಗೇ ಉಳಿಯುತ್ತದೆ. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದ್ದರೆ, ಚೇತರಿಸಿಕೊಂಡಂತೆ ಕಂಡರೂ ಅವತ್ತೇ ಡಾಕ್ಟರಿಗೆ ತೋರಿಸಿ.